ತಮ್ಮಗ ಧ್ವನಿ ಕೇಳೋದು ನಿಂತಾವ, ಆರಾಮ್ ಆಗ್ಯಾನ. ಆದ್ರೂ ಡಾಕ್ಟರ್ ‘ಈಗೇ ಹುಷಾರ್ ಇರ್ರಿ’ ಅಂತಾರ, ಯಾಕ?

ಜೇವರ್ಗಿ ರೋಡ್ ಅಕ್ಕ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ್ರಿ. ಹೆಸರು ಹಾಕಂಗಿಲ್ಲ, ತಪ್ಪು ತಿಳ್ಕೋಬ್ಯಾಡ್ರಿ. ನಮ್ದು ಸಣ್ಣ ಊರು, ಕಲಬುರಗಿಯಿಂದ ಜೇವರ್ಗಿಗಿ ಹೋಗೋ ಕಡಿ ಬರ್ತದ, ಒಬ್ಬರಿಗಿ ಗೊತ್ತಾದ್ರ ಸಂಜಿತನ ಊರಿಗೆಲ್ಲ ಗೊತ್ತಾಗ್ತದ.

ನಮ್ಮ ತಮ್ಮಗ 23 ವರ್ಷ. ಡಿಗ್ರಿ ಮುಗಿಸಿ ಕಲಬುರಗ್ಯಾಗ ದೋಸ್ತರ ಸಂಗಟ ರೂಮ್ ಮಾಡ್ಕೊಂಡು ಪಿಎಸ್‌ಐ ಪರೀಕ್ಷಾಕ್ಕ ಓದ್ಲಾಕತ್ತಿದ್ದ. ಭಾಳ ಶಾಣ್ಯಾ ಹುಡುಗ್ರಿ, ಎಸ್‌ಎಸ್‌ಎಲ್‌ಸಿಗಿ ಸಾಲಿಗೇ ಫಸ್ಟ್ ಬಂದವ, ನಮ್ಮ ಭಾಗಕ್ಕ 371ಜೆ ಮೀಸಲಾತಿ ಅದ ನೌಕರಿ ಸಿಕ್ಕೇ ಸಿಗ್ತದ ಅಂತ ಮನಿ ಮಂದಿಗೆಲ್ಲ ಭರೋಸಾ ಇತ್ತು. ಹೋದ ವರ್ಷದಿಂದ ನಿದ್ದಿ ಕೆಟ್ಟು ಬಾಜು ರೂಮಿನವರು ನನ್ನ ಬಗ್ಗೆನೇ ಮಾತಾಡ್ತಾರ, ನನ್ನ ಮೊಬೈಲ್‌ದಾಗ ಏನೋ ಕೂಡ್ಸ್ಯಾರ ಅಂತ ಶುರು ಮಾಡ್ದ, ಆಮ್ಯಾಲ ಯಾರೂ ಇಲ್ದಾಗ ಧ್ವನಿ ಕೇಳ್ಲಾಕತ್ವು, ರಾತ್ರಿ ಎದ್ದು ಬಾಗಲ ಚಿಲಕ ನೋಡೋದು, ಫ್ಯಾನ್ ಬಂದ್ ಮಾಡಿ ಕಿವಿ ಕೊಟ್ಟು ಕೇಳೋದು. ಗಾಣಗಾಪುರಕ್ಕ ಹೋಗಿ ಬಂದ್ವಿ, ದರ್ಗಾಕ್ಕ ಹೋಗಿ ಬಂದ್ವಿ, ಕಡೀಕ ದವಾಖಾನ್ಯಾಗ ತೋರಸ್ದಾಗ ಸೈಕೋಸಿಸ್ ಅಂದ್ರು. ಅಡ್ಮಿಟ್ ಮಾಡ್ಕೊಂಡು ಗುಳಿಗಿ ಶುರು ಮಾಡಿ ಹೋದ ತಿಂಗಳು ಮನಿಗಿ ಕಳ್ಸ್ಯಾರ.

ಈಗ ಧ್ವನಿ ಕೇಳಲ್ಲ ಅಂತಾನ, ಯಾರ ಮ್ಯಾಲೂ ಸಂಶಯ ಇಲ್ಲ, ಊಟ ಮಾಡ್ತಾನ, ಹೊಲಕ್ಕ ಹೋಗಿ ಬರ್ತಾನ. ನಮ್ಮಪ್ಪ ಗುಣ ಆದ ಅಂತ ಶರಣಬಸಪ್ಪಗ ಹೋಗಿ ಕಾಯಿ ಒಡಿಸಿಕೊಂಡು ಬಂದಾನ. ಆದ್ರ ಡಿಸ್ಚಾರ್ಜ್ ದಿನ ಡಾಕ್ಟರ್ ನನಗ ಒಬ್ಬಾಕಿಗೇ ಒಳಗ ಕರ್ದು, ಮುಂದಿನ ಕೆಲವು ತಿಂಗಳು ನಿಮ್ಮ ತಮ್ಮನ ಮ್ಯಾಲ ಜರಾ ನಿಗಾ ಇರ್ಲಿ, ಇಂಥಾ ಟೈಮ್‌ದಾಗೇ ಆತ್ಮಹತ್ಯಾದ ರಿಸ್ಕ್ ಜಾಸ್ತಿ ಇರ್ತದ ಅಂದ್ರು. ಹೊರಗ ಭಾಳ ಮಂದಿ ಕುಂತಿದ್ರು, ಹೆಚ್ಚಿಗಿ ಕೇಳ್ಲಾಕ ಆಗ್ಲಿಲ್ಲ.

ನನಗ ತಿಳಿವಲ್ದು ಇದೇ. ಹುಚ್ಚುಚ್ಚಾರ ಮಾತಾಡೋ ಹೊತ್ತಿನ್ಯಾಗ ಹೆದರಿಕಿ ಇತ್ತು ಖರೇ, ಈಗ ಆರಾಮ್ ಆದ ಮ್ಯಾಲ ಯಾಕ ಹೆದರಬೇಕು? ಮತ್ತ ಅವನಿಗಿ ಆ ಮಾತು ಕೇಳ್ಬೇಕೋ ಬ್ಯಾಡೋ? ಕೇಳಿದ್ರ ಇಲ್ಲದ್ದು ತಲ್ಯಾಗ ಹಾಕ್ದಾಂಗ ಆಗ್ತದೇನೋ ಅಂತ ಜೀವ ಹೊಡ್ಕೋತದ. ಅವ್ವಗ ಏನೂ ಹೇಳಿಲ್ಲ. ಗೊತ್ತಿದ್ದವರು ಹೇಳ್ರಿ.

---

ಬೀದರ್ ಸಿಸ್ಟರ್

ಅಕ್ಕಾರ, ನಾ ಮಾನಸಿಕ ವಾರ್ಡ್‌ನಾಗ ಭಾಳ ವರ್ಷ ಕೆಲಸ ಮಾಡಿದಾಕಿ, ಈಗ ತಾಲೂಕಾ ಆಸ್ಪತ್ರ್ಯಾಗ ಇದ್ದೀನಿ. ನಿಮ್ಮ ಡಾಕ್ಟರ್ ಹೇಳಿದ್ದು ಬರಾಬರ್ ಅದ, ಎಲ್ಲರೂ ಇಷ್ಟು ಬಿಚ್ಚಿ ಹೇಳಂಗಿಲ್ಲ, ಅವರು ಹೇಳ್ಯಾರ ಅಂದ್ರ ನಿಮ್ಮ ಮ್ಯಾಲ ಭರೋಸಾ ಇಟ್ಟಾರ ಅಂತ ತಿಳ್ಕೋರಿ.

ಯಾಕ ಅಂತ ಕೇಳೀರಿ. ಧ್ವನಿ, ಸಂಶಯ ಜೋರ್ ಇದ್ದಾಗ ಆ ಹುಡುಗ ಅದರಾಗೇ ಮುಳುಗಿರ್ತಾನ್ರಿ, ತನಗ ಏನಾಗ್ಯದ ಅಂತ ಅವನಿಗೇ ಗೊತ್ತಿರಂಗಿಲ್ಲ. ಗುಳಿಗಿ ಹತ್ತಿ ತಲಿ ತಿಳಿ ಆದ್ಮ್ಯಾಲ ಒಂದೊಂದೇ ಕಣ್ಣಿಗಿ ಕಾಣ್ಲಾಕ ಶುರು ಆಗ್ತದ. ನಾ ರೂಮಿನ್ಯಾಗ ಏನೇನ್ ಮಾಡ್ದೆ, ದೋಸ್ತರ ಮುಂದ ಏನೇನ್ ಅಂದೆ, ಅವರು ವಿಡಿಯೋ ತಕ್ಕೊಂಡಿದ್ರೇನೋ, ಪರೀಕ್ಷಾ ಹೋಯ್ತು, ಊರಾಗ ಎಲ್ಲರಿಗೂ ಗೊತ್ತಾಗ್ಯದ, ಇನ್ನ ಜೀವನಪೂರ್ತಿ ಗುಳಿಗಿ ನುಂಗಬೇಕಾ, ನನಗ ಯಾರ್ ಹೆಣ್ ಕೊಡ್ತಾರ. ಇದೆಲ್ಲ ಒಮ್ಮೆಲೇ ಬಂದು ಎದಿ ಮ್ಯಾಲ ಕೂಡ್ತದ. ಅದರಾಗೂ ಶಾಣ್ಯಾ ಇದ್ದವರು, ಮನಿಯವರು ಆಸೆ ಇಟ್ಟವರು, ತಮ್ಮ ಮ್ಯಾಲ ತಾವೇ ಆಸೆ ಇಟ್ಟವರು, ಇವರಿಗಿ ಈ ಪೆಟ್ಟು ಜಾಸ್ತಿ. ನಿಮ್ಮ ತಮ್ಮನ ಸುದ್ದಿ ಓದಿದ ಕೂಡ್ಲೇ ನನಗ ಅದೇ ನೆನಪಾತು.

ಎರಡನೇದು, ಸೈಕೋಸಿಸ್ ಇಳಿದ ಮ್ಯಾಲ ಭಾಳ ಮಂದಿಗಿ ಡಿಪ್ರೆಶನ್ ಬರ್ತದ. ಮನಿಯವರು ಅದಕ್ಕ ಸುಸ್ತು ಅಂತಾರ, ಗುಳಿಗಿ ಅಮಲು ಅಂತಾರ, ಮೈಗಳ್ಳ ಆಗ್ಯಾನ ಅಂತಾರ. ಗುಳಿಗಿದಿಂದ ಮಂಪರ ಬರೋದು ಖರೇನೇ, ಆದ್ರ ಮಂಪರ ಇದ್ದವ ಎದ್ದಾಗ ಛಲೋತನಾಗಿ ಮಾತಾಡ್ತಾನ, ಡಿಪ್ರೆಶನ್ ಇದ್ದವಗ ಎಚ್ಚರ ಇದ್ರೂ ಯಾವುದರಾಗೂ ಮನಸಿರಂಗಿಲ್ಲ, ಮುಂದ ಏನ್ ಅಂತ ಕೇಳಿದ್ರ ಉತ್ತರಾನೇ ಇರಂಗಿಲ್ಲ. ಮುಂದ ಏನೂ ಉಳಿದಿಲ್ಲ ಅನ್ನೋ ಭಾವನಾ ಅದಲ್ಲ, ಅದೇ ಎಲ್ಲಕ್ಕಿಂತ ಕೆಟ್ಟದ್ದು. ಆಸ್ಪತ್ರಿಯಿಂದ ಮನಿಗಿ ಹೋದ ಮೊದಲ ಕೆಲವು ವಾರ, ಮೊದಲ ಕೆಲವು ತಿಂಗಳು, ಒಟ್ಟ ಹೇಳ್ಬೇಕಂದ್ರ ಬ್ಯಾನಿ ಶುರು ಆದ ಮೊದಲ ವರ್ಷ, ಇದೇ ಎಲ್ಲಕ್ಕಿಂತ ನಾಜೂಕ ಟೈಮ್.

ಇನ್ನ ಕೇಳ್ಬೇಕೋ ಬ್ಯಾಡೋ ಅಂದ್ರಿ. ಕೇಳ್ರಿ. ಸೀದಾ ಕೇಳ್ರಿ. ಕೇಳೋದ್ರಿಂದ ಆ ವಿಚಾರ ತಲ್ಯಾಗ ಹುಟ್ಟಂಗಿಲ್ಲ, ಇದನ್ನ ಭಾಳ ಮಂದಿ ಸಂಶೋಧನಾ ಮಾಡಿ ನೋಡ್ಯಾರ, ನಾನೂ ವಾರ್ಡಿನ್ಯಾಗ ಕಣ್ಣಾರೆ ನೋಡೀನಿ, ಕೇಳಿದ ಮ್ಯಾಲ ಹುಡುಗರು ಉಸಿರು ಬಿಡ್ತಾರ್ರಿ, ಅಂತೂ ಒಬ್ಬರಾದ್ರೂ ಕೇಳಿದ್ರಲ್ಲ ಅಂತ. ಆದ್ರ ಕೇಳೋ ರೀತಿ ಅದ. ‘ಅಂಥಾ ಹುಚ್ಚ ವಿಚಾರ ಏನೂ ಮಾಡ್ಲಾಕತ್ತಿಲ್ಲಲ್ಲ ನೀ?’ ಅಂತ ಕೇಳಿದ್ರ ಅವ ಇಲ್ಲ ಅಂತಾನೇ ಹೇಳೋದು, ನೀವು ಇಲ್ಲ ಅನಿಸ್ಲಾಕೇ ಕೇಳೀರಿ. ಅದರ ಬದ್ಲಿ, ತಮ್ಮಾ ಇಂಥಾ ಬ್ಯಾನಿ ಆಗಿ ಬಂದವರಿಗಿ ಸಾಯ್ಬೇಕು ಅನ್ನೋ ವಿಚಾರ ಬರ್ತದಂತ, ನಿನಗೂ ಬರ್ತದೇನು, ಬಂದ್ರ ನನ್ನ ಮುಂದ ಹೇಳು, ನಾ ಅಳಂಗಿಲ್ಲ ಬೈಯಂಗಿಲ್ಲ ಅಪ್ಪಗ ಓಡಿ ಹೋಗಿ ಹೇಳಂಗಿಲ್ಲ, ಇಬ್ಬರೂ ಕೂಡಿ ಏನ್ ಮಾಡ್ಬೇಕು ನೋಡೋಣು, ಅಂತ ಕೇಳ್ರಿ. ಎದುರಾ ಎದುರು ಕುಂತು ಕಣ್ಣಾಗ ಕಣ್ಣಿಟ್ಟು ಕೇಳ್ಬ್ಯಾಡ್ರಿ, ಪೊಲೀಸ್ ವಿಚಾರಣಿ ಆದಾಂಗ ಆಗ್ತದ. ಇಬ್ಬರೂ ಏನಾರ ಕೆಲಸ ಮಾಡ್ಕೋತ ಇದ್ದಾಗ ಕೇಳ್ರಿ.

---

ಬಸು ಯಾದಗಿರಿ

ತಂಗೆವ್ವ ನನಗನಸೋದು ಹೇಳ್ತೀನಿ, ಹುಡುಗ ಆರಾಮ್ ಆಗ್ಯಾನ ಅಂದ್ಮ್ಯಾಲ ಯಾಕ ಸುಮ್ಕ ಹಳೇದೆಲ್ಲ ಕೆದಕ್ತೀರಿ, ಸಾಯೋ ಮಾತು ಮನ್ಯಾಗ ತಗೀಬಾರ್ದು ಅಂತ ಹಿರ್ಯಾರು ಹೇಳ್ಯಾರ. ಎಳ್ಳಮಾಸಿ ಮುಗಿದ್ಮ್ಯಾಲ ಒಂದ್ ಛಲೋ ಹೆಣ್ಣು ನೋಡಿ ಮದುವಿ ಮಾಡ್ರಿ, ಜವಾಬ್ದಾರಿ ಬಿದ್ರ ತಂತಾನೇ ಸರಿ ಹೋಗ್ತಾನ, ನಮ್ಮ ಕಡಿ ಇಂಥವು ಭಾಳ ಸರಿ ಹೋಗ್ಯಾವ. ಗುಳಿಗಿನೂ ಭಾಳ ದಿನ ಕೊಡಬ್ಯಾಡ್ರಿ ನರ ಸತ್ತು ಹೋಗ್ತಾವ.

---

ಶಹಾಪುರದಾವ

ಬಸು ಅಣ್ಣಾರ, ನೀವು ಛಲೋ ಮನಸಿಲೇ ಹೇಳೀರಿ ಗೊತ್ತದ, ಆದ್ರ ಈ ಮಾತು ನಡಿಯಂಗಿಲ್ರಿ. ನನಗೇ ಆಗಿದ್ದು ಇದು, ಅದಕ್ಕ ಹೇಳ್ತೀನಿ.

ನನಗ ಡಿಪ್ಲೊಮಾ ಕೊನೀ ವರ್ಷದಾಗ ಬಂತು. ಅಡ್ಮಿಟ್ ಆಗಿ ಮನಿಗಿ ಬಂದ್ಮ್ಯಾಲ ಎಲ್ಲರೂ ಆರಾಮ್ ಆದ ಆರಾಮ್ ಆದ ಅಂತ ಖುಷಿ ಆದ್ರು, ನೋಡ್ಲಾಕ ಬಂದವರೆಲ್ಲ ಹಣ್ಣು ಬ್ರೆಡ್ ತಂದ್ರು, ನಾ ಒಳಗಿನ ಕೋಣ್ಯಾಗ ಗ್ವಾಡಿ ಕಡಿ ಮಾರಿ ಮಾಡಿ ಮಲಗಿರ್ತಿದ್ದೆ. ಅವರ ಖುಷಿ ನೋಡಿ ನನಗ ಇನ್ನಷ್ಟು ಒಜ್ಜಿ ಆಗ್ತಿತ್ತು, ಯಾಕಂದ್ರ ನನಗ ಆರಾಮ್ ಆಗಿರಲಿಲ್ಲ, ಧ್ವನಿ ಅಷ್ಟೇ ನಿಂತಿದ್ವು. ಧ್ವನಿ ಇದ್ದಾಗ ಎಷ್ಟೇ ಹೆದರಿಕಿ ಆದ್ರೂ ನಾ ಏನೋ ದೊಡ್ಡ ಮನುಷ್ಯ, ಎಲ್ಲರೂ ನನ್ನ ಹಿಂದ ಬಿದ್ದಾರ ಅನ್ನಿಸ್ತಿತ್ತು, ಅದು ನಿಂತ ಮ್ಯಾಲ ನಾ ಯಾರೂ ಅಲ್ಲ ಅನ್ನಿಸ್ಲಾಕ ಹತ್ತು. ವಾಟ್ಸಾಪ್ ಗ್ರೂಪಿನ್ಯಾಗ ದೋಸ್ತರು ನೌಕರಿ ಹತ್ತಿದ ಫೋಟೊ ಹಾಕ್ತಿದ್ರು, ಅದು ನೋಡಿ ಫೋನ್ ಡಬ್ಬ ಹಾಕ್ತಿದ್ದೆ. ಆ ಹೊತ್ತಿನ್ಯಾಗ ಸಾಯೋ ವಿಚಾರ ದಿನಾ ಬರ್ತಿದ್ವು. ಯಾರೂ ಕೇಳ್ಲಿಲ್ಲ. ನಮ್ಮ ಕಾಕಾ ಒಬ್ಬ ಇದ್ದ, ಲಾರಿ ಡ್ರೈವರ್, ಓದಿದವ ಅಲ್ಲ, ಒಂದಿನ ಬಾವಿ ಕಡಿ ಕರಕೊಂಡು ಹೋಗಿ ಬೀಡಿ ಹಚ್ಚಿ, ಏನಪಾ ಜೀವ ಬ್ಯಾಸರ ಆಗ್ಯದೇನು, ಖರೇ ಹೇಳು ಅಂದ. ಅಷ್ಟೇ ಕೇಳಿದ್ದು. ನಾ ಅವನ ಮುಂದ ಅತ್ತೆ, ಎಲ್ಲ ಹೇಳ್ದೆ. ಅವ ಉಪದೇಶ ಏನೂ ಮಾಡ್ಲಿಲ್ಲ, ಮರುದಿನ ಲಾರಿ ಬಿಟ್ಟು ನನ್ನ ಸಂಗಟ ಡಾಕ್ಟರ್ ಹತ್ರ ಬಂದ.

ಮದುವಿ ಸುದ್ದಿ ಈಗ ತಗೀಲೇಬ್ಯಾಡ್ರಿ ಅಕ್ಕಾರ. ತಾ ನೆಟ್ಟಗ ನಿಂತಿಲ್ಲ, ಇನ್ನೊಬ್ಬರ ಭಾರ ಹೊರು ಅಂದ್ರ ಹೆಂಗ, ಮತ್ತ ಆ ಹುಡುಗಿಗಿ ಹೇಳದೇ ಮಾಡಿದ್ರ ಅದು ಆಕಿಗಿ ಮೋಸ.

ಇನ್ನೊಂದು ಮಾತು ಅದ, ಇದು ಯಾರೂ ಹೇಳಂಗಿಲ್ಲ ಅದಕ್ಕೇ ಹೇಳ್ತೀನಿ. ಗುಳಿಗಿ ಶುರು ಆದ ಮ್ಯಾಲ ನನಗ ಕುಂತಲ್ಲಿ ಕೂಡ್ಲಾಕ ಆಗ್ತಿರಲಿಲ್ಲ. ಕಾಲಾಗ ಇರುವಿ ಹರದಾಡ್ದಾಂಗ, ಒಳಗಿಂದ ಯಾರೋ ತಿದಿ ಊದ್ದಾಂಗ ತಳಮಳ, ಊಟಕ್ಕ ಕುಂತ್ರ ಎರಡ್ ತುತ್ತಿಗಿ ಎದ್ದು ಅಂಗಳದಾಗ ತಿರಗ್ತಿದ್ದೆ, ರಾತ್ರಿ ಹಾಸಗ್ಯಾಗ ಕಾಲು ತಿಕ್ಕೋತ ಇರ್ತಿದ್ದೆ. ಮನಿಯವರು ಇನ್ನೂ ಹುಚ್ಚು ಹೋಗಿಲ್ಲ ಅಂತ ತಿಳ್ಕೊಂಡ್ರು. ಅದು ಗುಳಿಗಿದೇ ಅಡ್ಡಪರಿಣಾಮ, ಡಾಕ್ಟರ್ ಡೋಸ್ ಜರಾ ಕಮ್ಮಿ ಮಾಡಿ ಇನ್ನೊಂದು ಸಣ್ಣ ಗುಳಿಗಿ ಕೊಟ್ಟ ಮ್ಯಾಲ ಇಳೀತು. ಆ ತಳಮಳದಾಗ ಮನುಷ್ಯಗ ಜೀವ ಬ್ಯಾಡ ಅನ್ನಿಸ್ತದ ಖರೇನೇ. ನಿಮ್ಮ ತಮ್ಮಗ ಹಂಗ ಆಗ್ತದೇನು ನೋಡ್ರಿ.

ಈಗ ನಾ ಗ್ಯಾರೇಜಿನ್ಯಾಗ ಕೆಲಸ ಮಾಡ್ತೀನಿ, ಗುಳಿಗಿ ನಡದದ, ಜೀವನಾನೂ ನಡದದ.

---

ಆಳಂದ ಮೂಲದವ

ನಾನು ಮನೋವೈದ್ಯ, ಹುಟ್ಟಿದ್ದು ಆಳಂದ ತಾಲೂಕಿನಲ್ಲಿ, ಈಗ ಕೆಲಸ ಬೇರೆ ಕಡೆ. ಶಹಾಪುರದವರು ಹೇಳಿದ ಕಾಲಿನ ತಳಮಳಕ್ಕೆ ನಾವು ಅಕಥೀಸಿಯಾ ಅಂತೀವಿ, ಅವರು ವರ್ಣಿಸಿದಷ್ಟು ಚೆನ್ನಾಗಿ ಎಷ್ಟೋ ಪುಸ್ತಕದಲ್ಲೂ ಇಲ್ಲ. ಅದನ್ನ ರೋಗ ಜಾಸ್ತಿ ಆಯ್ತು ಅಂತ ತಪ್ಪು ತಿಳ್ಕೊಂಡು ಡೋಸ್ ಏರಿಸಿದ್ರೆ ಇನ್ನೂ ಹೆಚ್ಚಾಗುತ್ತೆ, ಅದಕ್ಕೇ ಮನೆಯವರು ನೋಡಿದ್ದನ್ನ ನೋಡಿದ ಹಾಗೇ ಡಾಕ್ಟರಿಗೆ ಹೇಳೋದು ತುಂಬಾ ಮುಖ್ಯ.

ಅಂಕಿ ಸಂಖ್ಯೆ ನೋಡಿ ಹೆದರಬೇಡಿ ಅಂತ ಮೊದಲೇ ಹೇಳ್ತೀನಿ. ಸ್ಕಿಜೋಫ್ರೇನಿಯಾ, ಅಂದ್ರೆ ಸೈಕೋಸಿಸ್ ಬಹಳ ಕಾಲ ಕಾಡೋ ರೋಗ, ಇರೋರಲ್ಲಿ ಜೀವಮಾನದಲ್ಲಿ ಹತ್ತು ಪರ್ಸೆಂಟ್ ಜನ ಆತ್ಮಹತ್ಯೆಯಿಂದ ತೀರ್ಕೋತಾರೆ ಅಂತ ಹಳೇ ಪುಸ್ತಕಗಳಲ್ಲಿ ಇತ್ತು, 2005ರಲ್ಲಿ ಹಲವು ಅಧ್ಯಯನ ಒಟ್ಟುಗೂಡಿಸಿ ಮತ್ತೆ ಲೆಕ್ಕ ಹಾಕಿದಾಗ ಅದು ಸುಮಾರು 5 ಪರ್ಸೆಂಟ್ ಅಂತ ಬಂತು. ಸಾಮಾನ್ಯ ಜನಕ್ಕಿಂತ ಇದು ಬಹಳ ಜಾಸ್ತಿ, ಹೌದು, ಆದ್ರೆ ಉಳಿದ 95 ಜನ ಆ ದಾರಿಯಲ್ಲಿ ಹೋಗಲ್ಲ ಅನ್ನೋದೂ ಅದೇ ಲೆಕ್ಕದಲ್ಲೇ ಇದೆ. ಇನ್ನೊಂದು, ಆ 5ರಲ್ಲಿ ದೊಡ್ಡ ಪಾಲು ರೋಗದ ಶುರುವಿನ ವರ್ಷಗಳಲ್ಲೇ ಆಗುತ್ತೆ. ಹಾಗಾಗಿ ಈಗ ಮಾಡೋ ಕಾಳಜಿಗೆ ಬೆಲೆ ಜಾಸ್ತಿ.

ಯಾರಲ್ಲಿ ಅಪಾಯ ಹೆಚ್ಚು ಅಂದ್ರೆ: ಮೊದಲು ಒಮ್ಮೆ ಪ್ರಯತ್ನ ಮಾಡಿದವರು, ಡಿಪ್ರೆಶನ್ ಮತ್ತು ಹತಾಶೆ ಇರೋರು, ಕುಡಿತ ಗಾಂಜಾ ಇರೋರು, ಚಿಕಿತ್ಸೆ ಸಿಗದೆ ಬಹಳ ಕಾಲ ಸೈಕೋಸಿಸ್‌ನಲ್ಲೇ ಇದ್ದವರು, ಸಾಯಿ ಅಂತಾನೋ ನಿನ್ನಿಂದ ಉಪಯೋಗ ಇಲ್ಲ ಅಂತಾನೋ ಹೇಳೋ ಧ್ವನಿ ಕೇಳೋರು. ಈ ಕೊನೇದನ್ನ ಕೇಳೋದು ಮರೀಬೇಡಿ, ಧ್ವನಿ ಬರುತ್ತಾ ಅಂತ ಕೇಳೋದಷ್ಟೇ ಸಾಲದು, ಬಂದ್ರೆ ಏನು ಹೇಳುತ್ತೆ, ಹೇಳಿದ್ದನ್ನ ಮಾಡಲೇಬೇಕು ಅನ್ಸುತ್ತಾ ಅಂತ ಕೇಳಬೇಕು. ಆದ್ರೆ ಈ ಪಟ್ಟಿ ನೋಡಿ ಮಾರ್ಕ್ಸ್ ಹಾಕಿ ಇವನಿಗೆ ಅಪಾಯ ಇದೆ, ಅವನಿಗಿಲ್ಲ ಅಂತ ಹೇಳೋಕೆ ನಮಗೇ ಆಗಲ್ಲ. ಪಟ್ಟಿಯಲ್ಲಿ ಒಂದೂ ಇಲ್ಲದವರಿಗೂ ಆಗಿದ್ದುಂಟು. ಮನಸ್ಸಿನ ಸ್ಥಿತಿ ವಾರ ವಾರಕ್ಕೆ ಬದಲಾಗುತ್ತೆ, ಆದ್ದರಿಂದ ಒಮ್ಮೆ ಕೇಳಿ ಬಿಡೋದಲ್ಲ, ಆಗಾಗ ಕೇಳ್ತಾ ಇರಬೇಕು.

ಬಸು ಅವರ ಮಾತಿಗೆ: ನರ ಸಾಯುತ್ತೆ ಅನ್ನೋದು ಸುಳ್ಳು. ಗುಳಿಗೆಗೆ ಅಡ್ಡಪರಿಣಾಮ ಇದಾವೆ, ತೂಕ, ಮಂಪರು, ಕೈ ನಡುಕ, ಅದನ್ನ ಮುಚ್ಚಿಡಬಾರದು, ಹೇಳಿದ್ರೆ ಗುಳಿಗೆ ಬದಲಾಯಿಸಬಹುದು. ಬಿಡೋದು ಬೇರೆ ವಿಷಯ. ಮೊದಲ ಸಲ ಬಂದು ವಾಸಿಯಾದವರನ್ನ ಐದು ವರ್ಷ ಹಿಂಬಾಲಿಸಿದ ಅಮೆರಿಕದ ಒಂದು ಅಧ್ಯಯನ 1999ರಲ್ಲಿ ಬಂತು, ನೂರಕ್ಕೆ ಎಂಬತ್ತು ಜನಕ್ಕೆ ಮತ್ತೆ ಬಂದಿತ್ತು, ಗುಳಿಗೆ ಬಿಟ್ಟವರಲ್ಲಿ ಆ ಸಾಧ್ಯತೆ ಸುಮಾರು ಐದು ಪಟ್ಟು. ಪ್ರತಿ ಸಲ ತಿರುಗಿ ಬಂದಾಗಲೂ ಹುಡುಗನ ಆಸೆ ಇನ್ನಷ್ಟು ಕುಸಿಯುತ್ತೆ. ದಿನಾ ಗುಳಿಗೆ ನುಂಗೋದು ಬೇಜಾರಾದ್ರೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡೋ ಇಂಜೆಕ್ಷನ್ ಇದಾವೆ, ಕೇಳಿ ನೋಡಿ. ಬೇರೆ ಗುಳಿಗೆಗಳಿದ್ದೂ ಆತ್ಮಹತ್ಯೆ ಯೋಚನೆ ಹೋಗದೇ ಇದ್ದವರಿಗೆ ಕ್ಲೋಜಪಿನ್ ಅನ್ನೋ ಔಷಧಿ ಇದೆ, 980 ರೋಗಿಗಳನ್ನ ಎರಡು ವರ್ಷ ನೋಡಿದ ಅಧ್ಯಯನ 2003ರಲ್ಲಿ ಬಂತು, ಒಲಾಂಜಪಿನ್ ಅನ್ನೋ ಇನ್ನೊಂದು ಗುಳಿಗೆ ತಗೊಂಡವರಿಗಿಂತ ಕ್ಲೋಜಪಿನ್ ತಗೊಂಡವರಲ್ಲಿ ಆತ್ಮಹತ್ಯೆ ಪ್ರಯತ್ನ ಕಡಿಮೆ ಇದ್ವು. ಅದಕ್ಕೆ ಶುರುವಿನಲ್ಲಿ ವಾರ ವಾರ ರಕ್ತ ಪರೀಕ್ಷೆ ಬೇಕು, ಬಿಳಿ ರಕ್ತಕಣ ಇಳಿಯೋ ಭಯ ಇರೋದ್ರಿಂದ. ನಿಮ್ಮ ತಮ್ಮನಿಗೆ ಈಗ ಬೇಕು ಅಂತಲ್ಲ, ಇಂಥದ್ದೂ ಇದೆ ಅಂತ ಗೊತ್ತಿರಲಿ.

ದೇವರು ದರ್ಗಾ ಬಗ್ಗೆ ಯಾರೂ ನಿಮ್ಮನ್ನ ಬೈಯೋ ಹಾಗಿಲ್ಲ. ಗಾಣಗಾಪುರಕ್ಕೆ ಹೋಗಿ, ಬಂದೇನವಾಜರ ಹತ್ರ ಹೋಗಿ, ಗುಳಿಗೆ ಜೇಬಲ್ಲಿ ಇಟ್ಕೊಂಡು ಹೋಗಿ.

---

ಹುಮನಾಬಾದ್ ಕಾಕಾ

ನಾ ಓದಿದವ ಅಲ್ಲ, ನಮ್ಮ ಮಗಳಿಗಿ ಈ ಬ್ಯಾನಿ ಅದ. ಒಂದೇ ಮಾತು ಹೇಳ್ತೀನಿ ನೋಡವ್ವ. ಈಗ ತೊಗರಿಗಿ ಹುಳಕ್ಕ ಹೊಡಿಯೋ ವಿಷದ ಎಣ್ಣಿ ಹೊಡಿಯೋ ಹೊತ್ತು, ಎಲ್ಲರ ಮನ್ಯಾಗೂ ಡಬ್ಬಿ ಬಂದಿರ್ತಾವ, ಪಡಸಾಲ್ಯಾಗ ಪಂಪಿನ ಬಾಜೂಕೇ ಇಟ್ಟಿರ್ತೀವಿ, ಅರ್ಧ ಉಳಿದ ಡಬ್ಬಿ ಮುಂದಿನ ವರ್ಷಕ್ಕ ಅಂತ ಮಾಡದಾಗ ಇಟ್ಟಿರ್ತೀವಿ. ಅವು ಒಂದೂ ಮನ್ಯಾಗ ಇರಬಾರ್ದು. ನಾ ನಮ್ಮ ಅಣ್ಣತಮ್ಮರ ಮನ್ಯಾಗ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕೀನಿ, ಕೀಲಿ ನಮ್ಮ ಅಣ್ಣನ ಉಡದಾರಕ್ಕ. ಹೊಡಿಯೋ ದಿನ ಬೇಕಾದಷ್ಟೇ ತರೋದು, ಉಳಿದದ್ದು ಅವತ್ತೇ ವಾಪಸ್. ಗುಳಿಗಿನೂ ಹಂಗೇ, ತಿಂಗಳದ್ದೆಲ್ಲ ಒಮ್ಮೆಲೇ ಕೈಯಾಗ ಕೊಡಂಗಿಲ್ಲ, ನಮ್ಮಾಕಿ ಹೊತ್ತಿಗಿ ತೆಗೆದು ಕೊಡ್ತಾಳ. ನನ್ನ ಮಗಳು ಮೊದಲ ಸಿಟ್ಟಾದಳು, ನನ್ನ ಮ್ಯಾಲ ಭರೋಸಾ ಇಲ್ಲೇನಪ್ಪಾ ಅಂತ. ನಿನ್ನ ಮ್ಯಾಲ ಅದ, ಬ್ಯಾನಿ ಮ್ಯಾಲ ಇಲ್ಲ ಅಂದೆ.

---

ಬೀದರ್ ಸಿಸ್ಟರ್

ಕಾಕಾ ಹೇಳಿದ್ದು ಲಾಖ್ ರೂಪಾಯಿ ಮಾತು. ಸಾಯ್ಬೇಕು ಅನ್ನೋ ಜೋರ್ ವಿಚಾರ ಭಾಳ ಮಂದಿಗಿ ಬಂದು ಹೋಗೋದು, ಆ ಹೊತ್ತು ದಾಟಿಸಿದ್ರ ಮನುಷ್ಯ ಉಳೀತಾನ, ಆ ಹೊತ್ತಿನ್ಯಾಗ ಕೈಗಿ ಏನೂ ಸಿಗಬಾರ್ದು ಅಷ್ಟೇ. ಹಳ್ಳ್ಯಾಗ ಇದೊಂದು ಕೆಲಸ ಮಾಡಿದ್ರ ಎಷ್ಟೋ ಜೀವ ಉಳೀತಾವ.

---

ಜೇವರ್ಗಿ ರೋಡ್ ಅಕ್ಕ

ಎಲ್ಲರಿಗೂ ಕೈ ಮುಗೀತೀನ್ರಿ. ಇವತ್ತು ಕೇಳ್ದೆ. ಹಸಿ ತೊಗರಿಕಾಯಿ ಸುಲ್ಕೋತ ಕುಂತಿದ್ವಿ, ಅವ್ವ ಬೀಸ್ಲಾಕ ಜ್ವಾಳ ತಗೊಂಡು ಗಿರಣಿಗಿ ಹೋಗಿದ್ಳು. ಸಿಸ್ಟರ್ ಹೇಳ್ದಾಂಗೇ ಕೇಳ್ದೆ. ಭಾಳ ಹೊತ್ತು ಸುಮ್ಮ ಇದ್ದ, ಕಾಯಿ ಸುಲಿಯೋದು ನಿಲ್ಲಿಸ್ಲಿಲ್ಲ. ಆಮ್ಯಾಲ, ಬರ್ತದ ಅಕ್ಕಾ, ರಾತ್ರಿ ಬರ್ತದ, ನನಗೋಸ್ಕರ ಅಪ್ಪ ಎರಡು ಎಕರೆ ಹೊಲ ಒತ್ತಿ ಇಟ್ಟಾನ, ನಾ ಇಲ್ಲಂದ್ರ ನಿಮಗೆಲ್ಲ ಒಜ್ಜಿ ಕಮ್ಮಿ ಆಗ್ತದ ಅನ್ನಿಸ್ತದ ಅಂದ. ನನಗ ಎದಿ ಝಲ್ ಅಂತು, ಆದ್ರ ಅಳ್ಲಿಲ್ಲ. ಏನಾರ ಮಾಡ್ಕೋಬೇಕಂತ ವಿಚಾರ ಮಾಡಿಯೇನು ಅಂತ ಕೇಳ್ದೆ, ಹಂಗೇನಿಲ್ಲ, ಬರೇ ವಿಚಾರ ಬರ್ತದ ಹೋಗ್ತದ ಅಂದ. ಧ್ವನಿ ಪೂರಾ ನಿಂತಿಲ್ಲಂತ್ರಿ, ರಾತ್ರಿ ಒಮ್ಮೊಮ್ಮೆ ಕೇಳ್ತದಂತ, ಬೈತದಂತ, ಮತ್ತ ಅಡ್ಮಿಟ್ ಮಾಡ್ತಾರ ಅಂತ ಹೆದರಿ ಇಲ್ಲ ಅಂತ ಹೇಳಿದ್ನಂತ. ಕಾಲಿಂದೂ ಕೇಳ್ದೆ, ಹೌದು, ರಾತ್ರಿ ಕುಂದ್ರಲಾಕ ಆಗಲ್ಲ ಅಂದ.

ಎಣ್ಣಿ ಡಬ್ಬಿ ಸಂಜಿಕೇ ಮಾವನ ಮನಿಗಿ ಕಳಿಸ್ದೆ, ಅಪ್ಪಗ ಇಲಿ ಓಡಾಡ್ತಾವ ಅಂತ ಹೇಳ್ದೆ. ಮುಂದಿನ ತಾರೀಕು ಇನ್ನ ಮೂರು ವಾರಕ್ಕ ಅದ. ಅಲ್ಲಿತನ ಕಾಯ್ಬೇಕಾ? ಮತ್ತ ಅವನು ಪೊಲೀಸ್ ಕೇಸ್ ಆಗ್ತದಾ ಅಂತ ಕೇಳ್ಲಾಕತ್ತಾನ, ನೌಕರಿಗಿ ತೊಂದ್ರಿ ಆಗ್ತದೇನೋ ಅಂತ ಅವನಿಗಿ ಭಾಳ ಪರೇಶಾನಿ ಅದ.

---

ಆಳಂದ ಮೂಲದವ

ಮೂರು ವಾರ ಕಾಯಬೇಡಿ. ನಾಳೆನೇ ಹೋಗಿ. ಧ್ವನಿ ಇನ್ನೂ ಇದೆ, ಬೈಯುತ್ತೆ, ಕಾಲಿನ ತಳಮಳ ಇದೆ, ಸಾಯೋ ಯೋಚನೆ ರಾತ್ರಿ ಬರುತ್ತೆ, ಇವಿಷ್ಟೂ ಸೇರಿದ್ರೆ ಔಷಧಿ ಬದಲಾಯಿಸೋಕೆ ಸಾಕಷ್ಟು ಕಾರಣ, ಮತ್ತು ಇವೆಲ್ಲಕ್ಕೂ ಚಿಕಿತ್ಸೆ ಇದೆ ಅನ್ನೋದನ್ನ ಅವನಿಗೆ ಇವತ್ತೇ ಹೇಳಿ. ತಾನು ಭಾರ ಅನ್ನೋ ಮಾತು ಡಿಪ್ರೆಶನ್ ಆಡಿಸೋ ಮಾತು. ಅಡ್ಮಿಷನ್ ಬೇಕೇ ಬೇಕು ಅಂತಲ್ಲ, ಎಷ್ಟೋ ಸಲ ಗುಳಿಗೆ ಸರಿ ಮಾಡಿ ವಾರಕ್ಕೊಮ್ಮೆ ನೋಡ್ತಾ ಮನೆಯಲ್ಲೇ ನಿಭಾಯಿಸ್ತೀವಿ.

ಕೇಸ್ ವಿಷಯ. ಡಾಕ್ಟರ್ ಹತ್ರ ಇಂಥ ಯೋಚನೆ ಬರುತ್ತೆ ಅಂತ ಹೇಳೋದು ಯಾವತ್ತೂ ಅಪರಾಧ ಅಲ್ಲ. ಹೇಳಿದ್ದನ್ನ ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಇದೆ. ಆತ್ಮಹತ್ಯೆಗೆ ಪ್ರಯತ್ನಿಸಿದವರು ಕೂಡ ತೀವ್ರ ಒತ್ತಡದಲ್ಲಿದ್ರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು ಅಂತ ಅದರ 115ನೇ ಸೆಕ್ಷನ್ ಹೇಳುತ್ತೆ, ಅವರಿಗೆ ಆರೈಕೆ ಕೊಡೋದು ಸರ್ಕಾರದ ಕರ್ತವ್ಯ ಅಂತನೂ ಬರೆದಿದೆ. ಮೊದಲು ಐಪಿಸಿಯಲ್ಲಿ ಆತ್ಮಹತ್ಯೆ ಪ್ರಯತ್ನ ಅಪರಾಧ ಅನ್ನೋ 309ನೇ ಸೆಕ್ಷನ್ ಇತ್ತು, 2024ರ ಜುಲೈ 1ರಿಂದ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಅದನ್ನ ಕೈಬಿಟ್ಟಿದ್ದಾರೆ. ಈ ಹೆದರಿಕೆಗೆ ಎಷ್ಟು ಜನ ಬಾಯಿ ಬಿಡದೆ ಇದ್ದಾರೋ, ನೆನೆಸಿದ್ರೆ ಸಂಕಟ ಆಗುತ್ತೆ.

---

ಶಹಾಪುರದಾವ

ಅಕ್ಕಾರ, ತಮ್ಮಗ ನನ್ನ ಕಡಿಂದ ಒಂದ್ ಮಾತು ಹೇಳ್ರಿ. ಧ್ವನಿ ಇನ್ನೂ ಅದ ಅಂತ ಹೇಳಿದ್ದು ಸಣ್ಣ ಮಾತಲ್ಲ, ನನಗ ಅಷ್ಟು ಧೈರ್ಯ ಬರ್ಲಾಕ ಭಾಳ ದಿನ ಹಿಡಿದಿತ್ತು. ಮತ್ತ ರಾತ್ರಿ ಹೊತ್ತು ಹಂಗ ಬಂದಾಗ ಕತ್ತಲದಾಗ ಒಬ್ಬನೇ ಮಲಕೊಂಡು ಅದರ ಸಂಗಟ ಜಗಳ ಮಾಡ್ಬ್ಯಾಡ ಅಂತ ಹೇಳ್ರಿ, ಎದ್ದು ದೀಪ ಹಚ್ಚಿ ಯಾರಿಗಾದ್ರೂ ಎಬ್ಬಿಸ್ಲಿ. ನಾ ನಮ್ಮ ಕಾಕಾಗ ರಾತ್ರಿ ಎರಡಕ್ಕ ಫೋನ್ ಮಾಡೀನಿ, ಅವ ಲಾರಿ ರೋಡ್ ಬಾಜು ನಿಲ್ಸಿ ಎಷ್ಟೋ ಹೊತ್ತು ಬರೇ ಮಳಿ ಬೆಳಿ ಮಾತಾಡ್ಯಾನ.

---

ಬೀದರ್ ಸಿಸ್ಟರ್

ಅಕ್ಕಾರ ಛಲೋ ಕೇಳೀರಿ. ಈಗ ಇಷ್ಟು ಮಾಡ್ರಿ.

ಇವತ್ತು ರಾತ್ರಿ ಅವನ ಕೋಣ್ಯಾಗೇ ಯಾರಾದ್ರೂ ಮಲಗ್ರಿ, ಕಾವಲು ಕುಂತಾಂಗ ಅಲ್ಲ, ಸುಮ್ಮ ಹಾಸಗಿ ಹಾಕೊಂಡು. ಇದನ್ನ ನೀವೊಬ್ಬರೇ ಹೊರಬ್ಯಾಡ್ರಿ, ಅಪ್ಪಗ ಹೇಳ್ಲೇಬೇಕು, ಇಲಿ ಸುದ್ದಿ ಎಷ್ಟು ದಿನ ನಡೀತದ. ಆದ್ರ ತಮ್ಮಗ ಮೊದಲ ಹೇಳ್ರಿ, ಅಪ್ಪಗ ಹೇಳ್ತೀನಿ, ನೀನೂ ಸಂಗಟ ಕುಂದ್ರು ಅಂತ, ಹಿಂದಿಂದ ಹೇಳಿದ್ರ ಮತ್ತ ನಿಮ್ಮ ಮುಂದ ಬಾಯಿ ಬಿಡಂಗಿಲ್ಲ. ಅಪ್ಪಗ ಹೊಲದ ಸಾಲದ ಮಾತು ಅವನ ಮುಂದ ತಗೀಬ್ಯಾಡ ಅಂತನೂ ಹೇಳ್ರಿ, ಮತ್ತ ಎಳ್ಳಮಾಸಿಗಿ ಬಂದ ಬೀಗರು ನೌಕರಿ ಏನಾತು ಅಂತ ಕೇಳ್ದಾಂಗ ನೀವೇ ಮೊದಲ ನೋಡ್ಕೋರಿ.

ಒಂದು ಹಾಳಿ ಮ್ಯಾಲ ಅವನ ಕೈಲೇ ಬರೆಸ್ರಿ. ಮನಸು ಕೆಡೋ ಮೊದಲ ಏನೇನಾಗ್ತದ, ನಿದ್ದಿ ಹೋಗ್ತದಾ, ಫೋನ್ ನೋಡಿದ ಮ್ಯಾಲ ಜಾಸ್ತಿ ಆಗ್ತದಾ. ಹಂಗಾದಾಗ ತಾನೇ ಏನ್ ಮಾಡಬಹುದು, ಹೊರಗ ಕಟ್ಟಿ ಮ್ಯಾಲ ಬಂದು ಕೂಡೋದು, ದನಕ್ಕ ಮೇವು ಹಾಕೋದು, ಮಾರಿಗಿ ತಣ್ಣೀರು ಹೊಡ್ಕೊಳ್ಳೋದು, ಏನಾದ್ರೂ ಸರಿ ಅವಗ ಒಗ್ಗೋದು. ಆಮ್ಯಾಲ ಯಾರಿಗಿ ಎಬ್ಬಿಸ್ಬೇಕು, ಅವರಿಲ್ಲಂದ್ರ ಯಾರಿಗಿ ಫೋನ್. ಕೆಳಗ 14416 ಬರೀರಿ, ಅದು ಸರ್ಕಾರದ ಟೆಲಿ ಮಾನಸ್, 2022ರಾಗ ಶುರು ಆಗಿದ್ದು, ಹಗಲು ರಾತ್ರಿ ಇರ್ತದ, ರೊಕ್ಕ ಹತ್ತಂಗಿಲ್ಲ, ಕನ್ನಡದಾಗೇ ಮಾತಾಡ್ತಾರ. ಅವನೂ ಮಾಡಬಹುದು, ನೀವೂ ಮಾಡಬಹುದು, ಮನಿಯವರು ಸುಸ್ತಾದಾಗ ಮಾಡ್ಲಾಕೂ ಅದೇ ನಂಬರು. ಹಾಳಿ ಫೋಟೊ ತೆಗೆದು ಅವನ ಮೊಬೈಲ್‌ದಾಗ ಇರ್ಲಿ. ಏನಾದ್ರೂ ಮಾಡ್ಕೋತೀನಿ ಅಂತ ಗಟ್ಟಿ ಮಾತಾಡಿದ್ರ, ಇಲ್ಲಾ ಧ್ವನಿ ಹೇಳ್ದಾಂಗ ಮಾಡ್ಲೇಬೇಕು ಅಂದ್ರ, ಅವಾಗ ಫೋನ್ ಮಾತು ಸಾಲಂಗಿಲ್ಲ, ಒಬ್ಬನ್ನೇ ಬಿಡಬ್ಯಾಡ್ರಿ, 108 ಕರೀರಿ, ಸೀದಾ ಎಮರ್ಜೆನ್ಸಿಗಿ ಹೋಗ್ರಿ.

ಡಾಕ್ಟರ್ ಹತ್ರ ಹೋಗೋ ಮುಂದ ಗುಳಿಗಿ ಚೀಟಿ, ಡಿಸ್ಚಾರ್ಜ್ ಕಾಗದ, ಉಳಿದ ಗುಳಿಗಿ ಸಮೇತ ತಗೊಂಡು ಹೋಗ್ರಿ. ಹೊರಗ ಮಂದಿ ಇದ್ರ ಮಾತು ಬರಂಗಿಲ್ಲ ನಿಮಗ, ಅದಕ್ಕ ಮನ್ಯಾಗೇ ನಾಕು ಸಾಲು ಬರ್ಕೊಂಡು ಚೀಟಿ ಅವರ ಕೈಗೇ ಕೊಡ್ರಿ: ಧ್ವನಿ ರಾತ್ರಿ ಕೇಳ್ತದ ಬೈತದ, ಕಾಲು ತಳಮಳ, ಸಾಯೋ ವಿಚಾರ ಬರ್ತದ ಆದ್ರ ತಯಾರಿ ಇಲ್ಲ ಅಂದಾನ, ನಿದ್ದಿ ಎಷ್ಟು ತಾಸು. ಅಡ್ಮಿಟ್ ಇದ್ದಲ್ಲೇ ಹೋಗೋದು ಛಲೋ, ಅವರ ಕಡಿ ಎಲ್ಲ ದಾಖಲೆ ಇರ್ತದ. ಅಲ್ಲಿ ಡಾಕ್ಟರ್ ಇಲ್ಲಂದ್ರ ಜಿಲ್ಲಾ ಆಸ್ಪತ್ರಿ ಮಾನಸಿಕ ವಿಭಾಗಕ್ಕ ಹೋಗ್ರಿ, ಗುಳಿಗಿ ಅಲ್ಲೇ ಪುಕ್ಕಟ ಸಿಗ್ತಾವ. ಮುಂದ ಮುಂದ ಊರು ಹತ್ರ ಆಗ್ಲಿ ಅಂದ್ರ ತಾಲೂಕಾ ಆಸ್ಪತ್ರ್ಯಾಗ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಅಂತ ಮಾಡ್ತಾರ, ಜಿಲ್ಲಾದಿಂದ ಮನೋವೈದ್ಯರು ಬರ್ತಾರ, ನಿಮ್ಮ ತಾಲೂಕಾದಾಗ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಗಿ ಕೇಳ್ರಿ, ಇಲ್ಲಾ ಆಸ್ಪತ್ರಿಗೇ ಫೋನ್ ಹಚ್ಚಿ ಕೇಳ್ರಿ.

ನಾಳಿ ಹೋಗಿ ಬಂದ್ಮ್ಯಾಲ ಇಲ್ಲಿ ಒಂದ್ ಸಾಲು ಬರೀರಿ.

---

ಜೇವರ್ಗಿ ರೋಡ್ ಅಕ್ಕ

ಅಪ್ಪಗ ಹೇಳೀನ್ರಿ, ತಮ್ಮ ಸಂಗಟೇ ಕುಂತಿದ್ದ. ಅಪ್ಪ ಹೊಲದ ಮಾತು ತಾನೇ ತೆಗೆದ, ಹೊಲ ಒತ್ತಿ ಬಿಡಿಸ್ಕೋಬಹುದು ಬಾಳ್ಯಾ, ನೀ ಇರು ಅಂದ. ಮುಂಜಾನಿ ಏಳರ ಬಸ್ಸಿಗಿ ನಾವ್ ಮೂರೂ ಮಂದಿ ಹೊಂಟೀವಿ, ಚೀಟಿ ತಮ್ಮನೇ ಬರ್ಕೊಂಡಾನ.